ಮಗುವಿನ ಜೀವನಾಂಶ: ನಿಗದಿ, ಬದಲಾವಣೆ, ವಸೂಲಿ

(ಮುಂಬಯಿಯ ಆಂಟಾಪ್ ಹಿಲ್ ಕೇಂದ್ರ ಸರ್ಕಾರಿ ನೌಕರರ ವಸತಿ ಬಡಾವಣೆಯಲ್ಲಿ ಕನ್ನಡ ಕುಟುಂಬಗಳ ಸಭೆಯನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಗಾದೆ ಕೂಸಿನ ಸ್ಥಿತಿಯನ್ನು ಹೇಳಿತು, ಪರಿಹಾರವನ್ನು ಹೇಳಲಿಲ್ಲ. ಆ ಪರಿಹಾರವನ್ನು ಹೇಳುವ ಕೆಲಸವನ್ನು ದೇಶದ ಕಾನೂನು ವಹಿಸಿಕೊಂಡಿದೆ. ತಂದೆತಾಯಿಯರು ಬೇರೆಯಾಗಬಹುದು, ಒಂದಾಗಬಹುದು, ಮತ್ತೆ ಬೇರೆಯಾಗಬಹುದು; ಆದರೆ ಮಗುವಿನ ಹಸಿವು, ಶಾಲೆ, ಔಷಧಗಳು ಅವರ ರಾಜಿಗಾಗಿ ಕಾಯುವುದಿಲ್ಲ. ಈ ಸರಳ ಸತ್ಯವೇ ಜೀವನಾಂಶದ ಕಾನೂನಿನ ತಳಹದಿ.

ಆಂಟಾಪ್ ಹಿಲ್‌ನಲ್ಲಿ ಎರಡು ಬಗೆಯ ಬದುಕುಗಳು ಅಕ್ಕಪಕ್ಕದಲ್ಲಿಯೇ ನಡೆದಿವೆ. ಒಂದೆಡೆ ತಿಂಗಳ ಕೊನೆಗೆ ತಪ್ಪದೆ ಸಂಬಳ ಬರುವ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳು. ಇನ್ನೊಂದೆಡೆ ದಿನಗೂಲಿಯನ್ನೇ ನಂಬಿದ ಕಿರಿದಾದ ಮನೆಗಳು. ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆಂದು ಬಂದವರು, ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು, ವರ್ಗವಾಗಿ ಬಂದು ಇಲ್ಲಿಯೇ ನೆಲೆಸಿದ ನೌಕರರು, ಹೀಗೆ ಕನ್ನಡಿಗರು ಮುಂಬಯಿಯಲ್ಲಿ ಎರಡೂ ಬಗೆಯ ಮನೆಗಳಲ್ಲಿ ಇದ್ದಾರೆ. ಸಂಬಳದಾರನ ಮಗುವಿಗೂ ಕೂಲಿಗಾರನ ಮಗುವಿಗೂ ಕಾನೂನು ಒಂದೇ. ಆದರೆ ಅದನ್ನು ಬಳಸುವ ಬಗೆಯಲ್ಲಿ ಕೆಲವು ವ್ಯತ್ಯಾಸಗಳಿವೆ. ಅವುಗಳನ್ನು ಇಂದು ವಿವರಿಸಲಿದ್ದೇನೆ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೀವನಾಂಶದ ವಿಷಯದಲ್ಲಿ ಮಗುವಿಗೆ ಹೆಚ್ಚಿನ ನಷ್ಟವಾಗುವುದು ಕಾನೂನು ಇಲ್ಲದ್ದರಿಂದಲ್ಲ, ಕಾಲ ಕಳೆಯುವುದರಿಂದ. ಅರ್ಜಿ ಹಾಕಿದ ದಿನಾಂಕ ಯಾವುದು, ಬಾಕಿ ಬಿದ್ದ ದಿನಾಂಕ ಯಾವುದು, ಅದಕ್ಕೆ ಆಧಾರವಾದ ಕಾಗದ ಎಲ್ಲಿದೆ ಎಂಬ ಪ್ರಶ್ನೆಗಳ ಮೇಲೆಯೇ ಮಗುವಿಗೆ ಸಲ್ಲುವ ಹಣ ನಿಂತಿದೆ.

ಈ ಹಕ್ಕು ಯಾರದು?

ಜೀವನಾಂಶವೆಂದರೆ ಹೆಂಡತಿಗೆ ಗಂಡ ಕೊಡುವ ಹಣ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಸತ್ಯ ಮಾತ್ರ. ಮಗುವಿನ ಜೀವನಾಂಶ ಮಗುವಿನದೇ ಆದ ಪ್ರತ್ಯೇಕ ಹಕ್ಕು. ತಾಯಿ ಅದನ್ನು ಮಗುವಿನ ಪರವಾಗಿ ಕೇಳುತ್ತಾಳೆ, ಮಗುವಿನ ಪರವಾಗಿ ಪಡೆಯುತ್ತಾಳೆ. ತಾಯಿಗೆ ಸ್ವಂತ ಆದಾಯವಿರುವುದರಿಂದ ಅವಳಿಗೆ ಜೀವನಾಂಶ ದೊರೆಯದೆ ಹೋದರೂ ಮಗುವಿನ ಹಕ್ಕು ಅಳಿಯುವುದಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ ಈ ಹಕ್ಕಿಗೆ ಬಹುಕಾಲ ಆಸರೆಯಾಗಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದ್ದು, ಹಳೆಯ 125ರಿಂದ 128ರವರೆಗಿನ ಕಲಮುಗಳು ಈಗ 144ರಿಂದ 147ರವರೆಗಿನ ಕಲಮುಗಳಾಗಿವೆ. 144ನೆಯ ಕಲಂ ಜೀವನಾಂಶದ ಆದೇಶಕ್ಕೆ, 145 ವಿಚಾರಣೆಯ ಕ್ರಮಕ್ಕೆ, 146 ಮೊಬಲಗಿನ ಬದಲಾವಣೆಗೆ, 147 ಆದೇಶದ ಜಾರಿಗೆ ಸಂಬಂಧಿಸಿವೆ. ಆ ದಿನಾಂಕಕ್ಕೆ ಮುಂಚೆ ಆರಂಭವಾಗಿದ್ದ ಪ್ರಕರಣಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ.

ಈ ಕಲಮಿನ ವಿಶೇಷವೆಂದರೆ ಅದು ಜಾತಿ ಮತಗಳನ್ನು ನೋಡುವುದಿಲ್ಲ. ಮಗು ವಿವಾಹಬಂಧನದಲ್ಲಿ ಹುಟ್ಟಿತೋ ಅದರ ಹೊರಗೆ ಹುಟ್ಟಿತೋ ಎಂಬುದನ್ನೂ ಅದು ಭೇದವೆಂದು ಎಣಿಸುವುದಿಲ್ಲ. ಮುಸ್ಲಿಂ ದಂಪತಿಗಳು ವಿಚ್ಛೇದನ ಪಡೆದ ಬಳಿಕವೂ ಮಕ್ಕಳನ್ನು ಪೋಷಿಸುವ ತಂದೆಯ ಹೊಣೆ ಈ ಕಲಮಿನಡಿಯಲ್ಲಿ ಉಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಸ್ಪಷ್ಟಪಡಿಸಿದೆ. ಸಾಮಾನ್ಯವಾಗಿ 18 ವರ್ಷ ತುಂಬುವವರೆಗೆ ಈ ಹಕ್ಕು ಇರುತ್ತದೆ; ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದ ಮಕ್ಕಳಿಗೆ ಅನಂತರವೂ ಇರುತ್ತದೆ. ಹಿಂದೂ ಕುಟುಂಬದ ಅವಿವಾಹಿತ ಮಗಳು ಪ್ರಾಪ್ತ ವಯಸ್ಕಳಾದ ಮೇಲೂ ತನ್ನನ್ನು ತಾನು ಪೋಷಿಸಿಕೊಳ್ಳಲಾರದಿದ್ದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 20ನೆಯ ಕಲಮಿನ ಪ್ರಕಾರ ತಂದೆಯಿಂದ ಜೀವನಾಂಶ ಕೇಳಬಹುದು. 2020ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿ ಹಿಡಿಯಿತು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಒಮ್ಮತದ ವಿಚ್ಛೇದನದ ಸಮಯದಲ್ಲಿ, ಹೇಗಾದರೂ ಬಿಡುಗಡೆಯಾದರೆ ಸಾಕೆಂಬ ಬೇಸರದಿಂದ, ಮಗುವಿಗಾಗಿಯೂ ಏನನ್ನೂ ಕೇಳುವುದಿಲ್ಲವೆಂದು ತಾಯಂದಿರು ಬರೆದುಕೊಡುವುದುಂಟು. ತಾಯಿ ತನ್ನ ಪಾಲಿನ ಹಕ್ಕನ್ನು ಬಿಟ್ಟುಕೊಡಬಹುದು, ಆದರೆ ಮಗಳ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಅಂತಹ ಕಾಗದಕ್ಕೆ ಈಗಾಗಲೇ ಸಹಿ ಮಾಡಿದವರು ದಾರಿ ಮುಚ್ಚಿಹೋಯಿತೆಂದು ಕೈಚೆಲ್ಲಬೇಕಾಗಿಲ್ಲ.

ಎಲ್ಲಿ ಹೋಗಬೇಕು, ಯಾರ ನೆರವು ಪಡೆಯಬೇಕು?

1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ ಮೇರೆಗೆ ಮುಂಬಯಿಯ ಕುಟುಂಬ ನ್ಯಾಯಾಲಯ 1989ರಲ್ಲಿ ಸ್ಥಾಪನೆಯಾಯಿತು. ಅದು ಈಗ ಬಾಂದ್ರಾ ಪೂರ್ವದ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿದೆ. ಆಂಟಾಪ್ ಹಿಲ್‌ನ ನಿವಾಸಿಗಳಿಗೆ ಅದು ದೂರದ ಸ್ಥಳವಲ್ಲ. 144ನೆಯ ಕಲಮಿನ ಅರ್ಜಿಯನ್ನೂ ಇಲ್ಲಿಯೇ ಸಲ್ಲಿಸಬೇಕು. ಮನೆಯಲ್ಲಿ ಹಿಂಸೆಯೂ ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ 20ನೆಯ ಕಲಮಿನಂತೆ ತನಗೂ ಮಕ್ಕಳಿಗೂ ಜೀವನಾಂಶ ಕೊಡಿಸಬೇಕೆಂದು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಎರಡು ಕಡೆ ಅರ್ಜಿ ಹಾಕಿದವರು ಒಂದು ಕಡೆಯ ಆದೇಶವನ್ನು ಇನ್ನೊಂದು ಕಡೆ ತಪ್ಪದೆ ತಿಳಿಸಬೇಕು. ಮೊದಲು ಮಂಜೂರಾದ ಮೊಬಲಗನ್ನು ಗಣನೆಗೆ ತೆಗೆದುಕೊಂಡೇ ಎರಡನೆಯ ನ್ಯಾಯಾಲಯ ಆದೇಶ ಮಾಡುತ್ತದೆ.

ತಂದೆ ಮುಂಬಯಿಯಲ್ಲಿದ್ದು ತಾಯಿ ಮಗುವಿನೊಂದಿಗೆ ತವರಿಗೆ ಹೋಗಿದ್ದರೆ ಏನು ಮಾಡಬೇಕು? 145ನೆಯ ಕಲಂ ಇದಕ್ಕೆ ಉತ್ತರ ಕೊಡುತ್ತದೆ. ತಂದೆ ಇರುವ ಜಿಲ್ಲೆಯಲ್ಲಿ, ಅವನು ಅಥವಾ ಹೆಂಡತಿ ವಾಸಿಸುವ ಜಿಲ್ಲೆಯಲ್ಲಿ, ಅಥವಾ ಇಬ್ಬರೂ ಕಡೆಯದಾಗಿ ಕೂಡಿ ಬಾಳಿದ ಜಿಲ್ಲೆಯಲ್ಲಿ ಅರ್ಜಿ ಸಲ್ಲಿಸಬಹುದು. ಆದುದರಿಂದ ಕಲಬುರಗಿಯ ತವರಿನಲ್ಲಿರುವ ತಾಯಿ ಅಲ್ಲಿಯೇ ಅರ್ಜಿ ಹಾಕಬಹುದು. ಪ್ರತಿ ವಾಯಿದೆಗೂ ಮುಂಬಯಿಗೆ ರೈಲು ಹತ್ತಬೇಕಾಗಿಲ್ಲ.

ವಕೀಲರಿಗೆ ಕೊಡಲು ಹಣವೆಲ್ಲಿ ಎಂಬ ಪ್ರಶ್ನೆಯೇ ಹಲವರನ್ನು ಮನೆಯಲ್ಲಿ ಕೂರಿಸಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೆಯ ಕಲಮಿನ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇದರಲ್ಲಿ ವಕೀಲರ ನೇಮಕ, ಅರ್ಜಿಯ ತಯಾರಿಕೆ, ದೃಢೀಕೃತ ಪ್ರತಿಗಳನ್ನು ಪಡೆಯುವ ವೆಚ್ಚ, ದಾಖಲೆಗಳ ಭಾಷಾಂತರ ಎಲ್ಲವೂ ಸೇರಿವೆ. ಮದುವೆಯ ಕಾಗದಗಳು, ಮಗುವಿನ ಜನನ ಪ್ರಮಾಣಪತ್ರ ಕನ್ನಡದಲ್ಲಿರುವ ನಮ್ಮವರಿಗೆ ಭಾಷಾಂತರದ ನೆರವು ಸಣ್ಣದಲ್ಲ. ಪ್ರಾಧಿಕಾರದ ಉಚಿತ ದೂರವಾಣಿ ಸಂಖ್ಯೆ 15100. ಇದಲ್ಲದೆ, ಜೀವನಾಂಶಕ್ಕಾಗಿ ನ್ಯಾಯಾಲಯಕ್ಕೆ ಬರುವ ಮಹಿಳೆಯರಿಗೆ ಮಹಾರಾಷ್ಟ್ರ ಸರ್ಕಾರ 1994ರಲ್ಲಿಯೇ ನ್ಯಾಯಾಲಯ ಶುಲ್ಕದಿಂದ ವಿನಾಯಿತಿ ನೀಡಿದೆ.

ಕುಟುಂಬ ನ್ಯಾಯಾಲಯದಲ್ಲಿ ವಕೀಲರಿಲ್ಲದೆಯೂ ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲು ಅವಕಾಶವಿದೆ. ಅಲ್ಲಿ ಸಮಾಲೋಚಕರಿದ್ದಾರೆ, ಮೊದಲು ರಾಜಿಗೆ ಪ್ರಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯ. ರಾಜಿ ಒಳ್ಳೆಯದೇ. ಆದರೆ ಹಿರಿಯರ ಮುಂದೆ ಆಡಿದ ಮಾತಿಗಿಂತ ನ್ಯಾಯಾಲಯದಲ್ಲಿ ದಾಖಲಾದ ರಾಜಿಗೆ ಬೆಲೆ ಹೆಚ್ಚು. ಏಕೆಂದರೆ ಆದೇಶವಾಗಿ ದಾಖಲಾದ ರಾಜಿಯನ್ನು ಮಾತ್ರ ಆದೇಶದಂತೆ ಜಾರಿ ಮಾಡಿಸಬಹುದು.

ಮೊಬಲಗು ನಿಗದಿಯಾಗುವ ಬಗೆ

1973ರ ಕೇಂದ್ರ ಸಂಹಿತೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಗಳ ಗರಿಷ್ಠ ಮಿತಿಯಿತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿ, ಪ್ರಕರಣ ಮುಗಿಯುವ ಮುನ್ನವೇ ಮಧ್ಯಂತರ ಜೀವನಾಂಶ ಕೊಡಿಸುವ ಅವಕಾಶವನ್ನು ಸ್ಪಷ್ಟವಾಗಿ ಸೇರಿಸಿತು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ ದಿನದಿಂದ ಸಾಧ್ಯವಾದಷ್ಟು ಮಟ್ಟಿಗೆ 60 ದಿನಗಳೊಳಗೆ ಮಧ್ಯಂತರ ಅರ್ಜಿ ಇತ್ಯರ್ಥವಾಗಬೇಕೆಂಬುದು ಕಾನೂನಿನ ಆಶಯ.

ಆಶಯಕ್ಕೂ ಆಚರಣೆಗೂ ಅಂತರವಿದ್ದುದನ್ನು ಕಂಡ ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರ್ 4ರಂದು ರಜನೇಶ್ ವಿರುದ್ಧ ನೇಹಾ ಎಂಬ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿಗಳನ್ನು ನೀಡಿತು. ಆ ಪ್ರಕರಣ ಹುಟ್ಟಿದ್ದು ಮಹಾರಾಷ್ಟ್ರದಲ್ಲಿಯೇ. 2013ರಲ್ಲಿ ಸಲ್ಲಿಸಿದ ಮಧ್ಯಂತರ ಜೀವನಾಂಶದ ಅರ್ಜಿಯ ಮೇಲೆ ನಾಗಪುರದ ಕುಟುಂಬ ನ್ಯಾಯಾಲಯವು ತಾಯಿಗೆ ತಿಂಗಳಿಗೆ 15,000 ರೂಪಾಯಿಗಳನ್ನೂ, ಮಗನಿಗೆ 2015ರ ಆಗಸ್ಟ್ ಅಂತ್ಯದವರೆಗೆ ತಿಂಗಳಿಗೆ 5,000 ಹಾಗೂ ಅಲ್ಲಿಂದ ಮುಂದೆ 10,000 ರೂಪಾಯಿಗಳನ್ನೂ ಗೊತ್ತುಪಡಿಸಿತ್ತು. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆಂಬುದನ್ನು ಆ ಆದೇಶದಲ್ಲಿಯೇ ಕಾಣಬಹುದು. ಮಧ್ಯಂತರ ಜೀವನಾಂಶದ ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯುವ ವೇಳೆಗೆ ಏಳು ವರ್ಷಗಳು ಸಂದಿದ್ದವು. 2013ರ ಎಳೆಗೂಸು ಅಷ್ಟರಲ್ಲಿ ಶಾಲೆಗೆ ಹೋಗುವ ಬಾಲಕನಾಗಿದ್ದನು. ವಿಳಂಬದ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಕಷ್ಟ.

ಆ ತೀರ್ಪಿನಿಂದ ತಿಳಿಯಬೇಕಾದ ಅಂಶಗಳು ನಾಲ್ಕು.

ಮೊದಲನೆಯದಾಗಿ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ವಿವರವನ್ನು ಗೊತ್ತಾದ ನಮೂನೆಯಲ್ಲಿ ಪ್ರಮಾಣ ಮಾಡಿ ಸಲ್ಲಿಸಬೇಕು. ಸುಳ್ಳು ಹೇಳಿದವರ ಮೇಲೆ ನ್ಯಾಯಾಲಯ ಕ್ರಮ ಕೈಗೊಳ್ಳಬಹುದು. ಬಡತನದ ರೇಖೆಗಿಂತ ಕೆಳಗಿರುವವರಿಗೆ, ಆರ್ಥಿಕವಾಗಿ ದುರ್ಬಲರಾದವರಿಗೆ, ದಿನಗೂಲಿಯ ಕೆಲಸಗಾರರಿಗೆ ಈ ನಮೂನೆಯಿಂದ ವಿನಾಯಿತಿ ಇದೆ. ಕಾಗದಪತ್ರಗಳಿಲ್ಲವೆಂದು ಕೂಲಿಕಾರ್ಮಿಕ ಮಹಿಳೆ ಹಿಂಜರಿಯಬೇಕಾಗಿಲ್ಲ.

ಎರಡನೆಯದಾಗಿ, ಎದುರು ಪಕ್ಷ ತನ್ನ ವಿವರವನ್ನು ಹೆಚ್ಚೆಂದರೆ ನಾಲ್ಕು ವಾರಗಳಲ್ಲಿ ಸಲ್ಲಿಸಬೇಕು. ಮತ್ತೆ ಮತ್ತೆ ಕಾಲಾವಕಾಶ ಕೇಳಿ ಎಳೆದಾಡುವಂತಿಲ್ಲ. ಮಧ್ಯಂತರ ಅರ್ಜಿಯನ್ನು ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನಿಸಲು ನ್ಯಾಯಾಲಯಗಳು ಪ್ರಯತ್ನಿಸಬೇಕು. ಈ ಸೂಚನೆಗಳು ಎಲ್ಲೆಡೆ ಪಾಲನೆಯಾಗುತ್ತಿಲ್ಲವೆಂದು ಕಂಡ ಸರ್ವೋಚ್ಚ ನ್ಯಾಯಾಲಯ 2023ರ ನವೆಂಬರಿನಲ್ಲಿ ತೀರ್ಪಿನ ಪ್ರತಿಯನ್ನು ಮತ್ತೊಮ್ಮೆ ನ್ಯಾಯಾಧೀಶರೆಲ್ಲರಿಗೂ ತಲುಪಿಸಲು ಆದೇಶಿಸಿತು. ನಿಮ್ಮ ವಕೀಲರಿಗೆ ಈ ತೀರ್ಪನ್ನು ನೆನಪಿಸುವ ಹಕ್ಕು ನಿಮಗಿದೆ.

ಮೂರನೆಯದಾಗಿ, ಮಗುವಿನ ಖರ್ಚೆಂದರೆ ಊಟ ಬಟ್ಟೆಗಳಷ್ಟೇ ಅಲ್ಲ. ವಸತಿ, ವೈದ್ಯಕೀಯ ವೆಚ್ಚ, ಶಾಲಾ ಶುಲ್ಕ, ಅಗತ್ಯವಾದ ಹೆಚ್ಚುವರಿ ಪಾಠ ಅಥವಾ ವೃತ್ತಿ ತರಬೇತಿಯ ವೆಚ್ಚವೂ ಅದರಲ್ಲಿ ಸೇರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆದೇಶ ಎಂದೇ ಆಗಲಿ, ಜೀವನಾಂಶವು ಅರ್ಜಿ ಸಲ್ಲಿಸಿದ ದಿನಾಂಕದಿಂದ ಸಲ್ಲಬೇಕು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಇಬ್ಬರು ತಾಯಂದಿರನ್ನು ಗಂಡಂದಿರು ಒಂದೇ ತಿಂಗಳಲ್ಲಿ ತೊರೆದರು. ಒಬ್ಬಾಕೆ ಮರುತಿಂಗಳೇ ಅರ್ಜಿ ಹಾಕಿದಳು. ಇನ್ನೊಬ್ಬಾಕೆ ಇಂದು ಬಂದಾನು, ನಾಳೆ ಬಂದಾನು ಎಂದು ಎರಡು ವರ್ಷ ಕಾದು, ಬಳಿಕ ಅರ್ಜಿ ಹಾಕಿದಳು. ಇಬ್ಬರ ಮಕ್ಕಳಿಗೂ ತಿಂಗಳಿಗೆ 5,000 ರೂಪಾಯಿ ಮಂಜೂರಾಯಿತೆಂದು ಇಟ್ಟುಕೊಳ್ಳಿ. ಕಾದ ತಾಯಿಯ ಮಗು 24 ತಿಂಗಳ 1,20,000 ರೂಪಾಯಿಗಳನ್ನು ಈ ಕಲಮಿನಡಿಯಲ್ಲಿ ಪಡೆಯಲಾರದು. ಅರ್ಜಿ ಹಾಕಿದ ಮಾತ್ರಕ್ಕೆ ಸಂಸಾರ ಮುರಿಯುವುದಿಲ್ಲ. ಗಂಡ ಹಿಂದಿರುಗಿದರೆ ಅರ್ಜಿಯನ್ನು ಹಿಂತೆಗೆದುಕೊಳ್ಳಬಹುದು. ಕಳೆದ ತಿಂಗಳುಗಳನ್ನು ಮಾತ್ರ ಹಿಂದಕ್ಕೆ ತರಲಾಗದು.

ತನಗೆ ಕೆಲಸವಿಲ್ಲವೆಂಬುದು ತಂದೆ ಮುಂದಿಡುವ ಸಾಮಾನ್ಯ ವಾದ. ದುಡಿಯಬಲ್ಲ ದೇಹವುಳ್ಳವನು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಮತ್ತೆ ಹೇಳಿದೆ. ತಾಯಿ ಓದಿದವಳು, ದುಡಿಯಬಲ್ಲಳು ಎಂಬುದು ಇನ್ನೊಂದು ವಾದ. ದುಡಿಯುವ ಸಾಮರ್ಥ್ಯ ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂಬುದು ಅದೇ ನ್ಯಾಯಾಲಯ 2017ರಲ್ಲಿ ಕೊಟ್ಟ ಉತ್ತರ. ತಾಯಿಗೂ ಒಳ್ಳೆಯ ಸಂಬಳವಿದ್ದರೆ ಮಗುವಿನ ಖರ್ಚನ್ನು ಇಬ್ಬರೂ ತಮ್ಮ ತಮ್ಮ ಆದಾಯದ ಪ್ರಮಾಣದಲ್ಲಿ ಹೊರಬೇಕಾಗುತ್ತದೆ. 2000ದಲ್ಲಿ ಬಂದ ಒಂದು ತೀರ್ಪಿನಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿಗಳೆಂದು ಗೊತ್ತುಪಡಿಸಿ, ಅದನ್ನು ತಂದೆ ಎರಡು ಪಾಲು, ತಾಯಿ ಒಂದು ಪಾಲು ಎಂಬಂತೆ ಹಂಚಲಾಯಿತು. ಕಾನೂನು ಇಲ್ಲಿ ಹೆಂಗಸು ಗಂಡಸು ಎಂಬ ಪಕ್ಷ ವಹಿಸುವುದಿಲ್ಲ. ಅದು ಮಗುವಿನ ಪಕ್ಷ ವಹಿಸುತ್ತದೆ.

ಕಾಲ ಬದಲಾದಾಗ ಆದೇಶವೂ ಬದಲಾಗಬಹುದು

ಮೂರನೆಯ ತರಗತಿಯ ಹುಡುಗಿಗೆ ನಿಗದಿಯಾದ ಹಣ ಅವಳು ಹತ್ತನೆಯ ತರಗತಿಗೆ ಬಂದಾಗ ಸಾಲದು. ಪರಿಸ್ಥಿತಿ ಬದಲಾಗಿದೆಯೆಂದು ತೋರಿಸಿಕೊಟ್ಟರೆ 146ನೆಯ ಕಲಮಿನಂತೆ ನ್ಯಾಯಾಲಯ ಮೊಬಲಗನ್ನು ಬದಲಾಯಿಸಬಹುದು. ವಿವಾಹ ವಿಚ್ಛೇದನದ ಡಿಕ್ರಿ ಆದ ಬಳಿಕವೂ 1955ರ ಹಿಂದೂ ವಿವಾಹ ಅಧಿನಿಯಮದ 26ನೆಯ ಕಲಮಿನಡಿಯಲ್ಲಿ ಮಕ್ಕಳ ಪಾಲನೆ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ ಹೊಸ ಆದೇಶ ಕೇಳಬಹುದು. ಶಾಲಾ ಶುಲ್ಕದ ರಸೀದಿಗಳು, ವೈದ್ಯರ ಚೀಟಿಗಳು, ಮನೆ ಬಾಡಿಗೆಯ ಕರಾರು, ತಂದೆಗೆ ಬಡ್ತಿಯಾಗಿದ್ದರೆ ಅದರ ಮಾಹಿತಿ, ಇವೇ ಬದಲಾವಣೆಯ ಅರ್ಜಿಗೆ ಆಧಾರ. ಬೆಲೆಗಳು ಏರಿವೆಯೆಂಬ ಬಾಯಿಮಾತಿಗಿಂತ ಎರಡು ವರ್ಷಗಳ ಶಾಲಾ ರಸೀದಿಗಳನ್ನು ಪಕ್ಕಪಕ್ಕದಲ್ಲಿ ಇಡುವುದು ಹೆಚ್ಚು ಪರಿಣಾಮಕಾರಿ.

ಈ ದಾರಿ ತಂದೆಗೂ ತೆರೆದಿದೆ. ಕೆಲಸ ಹೋಗಿರಬಹುದು, ಅಪಘಾತದಲ್ಲಿ ಅಂಗವೈಕಲ್ಯ ಬಂದಿರಬಹುದು. ಅಂತಹ ತಂದೆ ಮೊಬಲಗನ್ನು ಇಳಿಸಬೇಕೆಂದು ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ಆದರೆ ತಾನಾಗಿಯೇ ಹಣ ನಿಲ್ಲಿಸುವಂತಿಲ್ಲ. ನ್ಯಾಯಾಲಯ ಬದಲಾಯಿಸುವವರೆಗೂ ಹಳೆಯ ಆದೇಶ ಊರ್ಜಿತವಾಗಿರುತ್ತದೆ, ಬಾಕಿ ತಿಂಗಳು ತಿಂಗಳೂ ಬೆಳೆಯುತ್ತದೆ. ಸಭೆಯಲ್ಲಿರುವ ತಂದೆಯರಿಗೂ ನನ್ನ ವಿನಂತಿ ಇದೇ: ಕಷ್ಟ ಬಂದಾಗ ಮೌನವಾಗಿರಬೇಡಿ, ಅರ್ಜಿ ಹಾಕಿ. ಹಾಗೆಯೇ, ಮಗುವನ್ನು ನೋಡಲು ಬಿಡಲಿಲ್ಲವೆಂದು ಜೀವನಾಂಶ ನಿಲ್ಲಿಸುವುದೂ ತಪ್ಪು, ಜೀವನಾಂಶ ಬರಲಿಲ್ಲವೆಂದು ನ್ಯಾಯಾಲಯ ಗೊತ್ತುಪಡಿಸಿದ ಭೇಟಿಯನ್ನು ತಡೆಯುವುದೂ ತಪ್ಪು. ಇವೆರಡಕ್ಕೂ ಪರಿಹಾರ ಬೇರೆ ಬೇರೆ. ಒಂದನ್ನು ಇನ್ನೊಂದಕ್ಕೆ ಅಡವಿಡಬಾರದು.

ಆದೇಶ ಕೈಗೆ ಬಂದ ಮೇಲೆ

ಆದೇಶದೊಂದಿಗೆ ಹೋರಾಟ ಮುಗಿಯಿತೆಂದು ಭಾವಿಸುವುದು ಸಹಜ. ಎಷ್ಟೋ ಮನೆಗಳಲ್ಲಿ ನಿಜವಾದ ಹೋರಾಟ ಆರಂಭವಾಗುವುದೇ ಅಲ್ಲಿಂದ. 147ನೆಯ ಕಲಮಿನಂತೆ ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ಆ ಪ್ರತಿಯನ್ನು ಹಿಡಿದು, ತಂದೆ ದೇಶದ ಯಾವ ಊರಿನಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರಿಂದ ಆದೇಶವನ್ನು ಜಾರಿ ಮಾಡಿಸಬಹುದು. ವಿಜಯಪುರದಲ್ಲಿ ಆದ ಆದೇಶ ಮುಂಬಯಿಯಲ್ಲಿ ಜಾರಿಯಾದೀತು. ಮುಂಬಯಿಯ ಆದೇಶ ಉಡುಪಿಯಲ್ಲಿ ಜಾರಿಯಾದೀತು. ಅವನೇ ಆ ವ್ಯಕ್ತಿ, ಹಣ ಬಾಕಿಯಿದೆ ಎಂಬೆರಡು ಸಂಗತಿಗಳು ಮ್ಯಾಜಿಸ್ಟ್ರೇಟರಿಗೆ ಮನದಟ್ಟಾಗಬೇಕು.

ಸಕಾರಣವಿಲ್ಲದೆ ಹಣ ಕೊಡದಿದ್ದರೆ, ದಂಡವನ್ನು ವಸೂಲು ಮಾಡುವ ರೀತಿಯಲ್ಲಿಯೇ ಬಾಕಿಯನ್ನು ವಸೂಲು ಮಾಡಲು ವಾರಂಟು ಹೊರಡಿಸಬಹುದು. ವಾರಂಟು ಜಾರಿಯಾದ ಬಳಿಕವೂ ಉಳಿಯುವ ಬಾಕಿಗೆ, ಪ್ರತಿ ತಿಂಗಳ ಲೆಕ್ಕದಲ್ಲಿ, ಒಂದು ತಿಂಗಳವರೆಗೆ ಅಥವಾ ಅದಕ್ಕೆ ಮುಂಚೆ ಹಣ ಪಾವತಿಯಾಗುವವರೆಗೆ ಸೆರೆವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಋಣ ತೀರಿತೆಂದು ತಿಳಿಯುವವರಿದ್ದಾರೆ. ಅದು ತಪ್ಪು. ಸೆರೆವಾಸವು ಹಣ ಕೊಡಿಸುವ ಉಪಾಯವೇ ಹೊರತು ಹಣಕ್ಕೆ ಬದಲಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ತೀರ್ಮಾನಿಸಿದೆ.

ಇಲ್ಲಿಯೂ ದಿನಾಂಕದ ಮಹತ್ವವಿದೆ. ಈ ವಾರಂಟಿಗಾಗಿ, ಹಣ ಸಲ್ಲಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮೂರು ವರ್ಷ ಸುಮ್ಮನಿದ್ದು ಒಮ್ಮೆಲೇ ಕೇಳುತ್ತೇನೆಂದರೆ ಮೊದಲ ಎರಡು ವರ್ಷಗಳ ಬಾಕಿಗೆ ಈ ಸುಲಭ ದಾರಿ ಮುಚ್ಚಿರುತ್ತದೆ. ಹಕ್ಕೇ ನಾಶವಾಗುವುದಿಲ್ಲ, ಸಿವಿಲ್ ಮಾರ್ಗ ಉಳಿದಿರುತ್ತದೆ, ಆದರೆ ಅದು ಸುತ್ತುದಾರಿ. ಆದುದರಿಂದ ಎರಡು ಮೂರು ಕಂತುಗಳು ತಪ್ಪಿದೊಡನೆಯೇ ಅರ್ಜಿ ಹಾಕುವುದು ಕ್ಷೇಮ. ಬ್ಯಾಂಕಿನ ಖಾತೆಯ ಮೂಲಕವೇ ಹಣ ಪಡೆಯಿರಿ. ಯಾವ ತಿಂಗಳು ಎಷ್ಟು ಬಂತು, ಯಾವ ತಿಂಗಳು ಬರಲಿಲ್ಲ ಎಂಬುದನ್ನು ಪಾಸ್‌ಬುಕ್ಕೇ ಹೇಳುತ್ತದೆ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿಯಿಲ್ಲ, ಕೊಡದ ಹಣಕ್ಕೂ ಸಾಕ್ಷಿಯಿಲ್ಲ. ಈ ಎಚ್ಚರಿಕೆ ಪ್ರಾಮಾಣಿಕವಾಗಿ ಹಣ ಕೊಡುವ ತಂದೆಗೂ ರಕ್ಷಣೆಯೇ.

ಸಂಬಳದಾರನ ವಿಷಯದಲ್ಲಿ

ಈ ಬಡಾವಣೆಯ ನಿವಾಸಿಗಳಿಗೆ ವಿಶೇಷವಾಗಿ ಅನ್ವಯಿಸುವ ಭಾಗ ಇದು. ಜೀವನಾಂಶದ ಆದೇಶವನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆ ಜಾರಿ ಮಾಡಿಸಬಹುದೆಂದು 2020ರ ತೀರ್ಪು ಹೇಳಿದೆ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರನೆಯ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಯಲ್ಲಿಯಾದರೋ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ ನೌಕರನಿಗಾಗಿ ಕಾದಿಡುವುದು ಮೂರನೆಯ ಒಂದು ಭಾಗವನ್ನು ಮಾತ್ರ. ಸಾಲಗಾರನಿಗಿಂತ ಮಗುವಿನ ಹಕ್ಕು ದೊಡ್ಡದೆಂದು ಶಾಸನವೇ ಹೀಗೆ ಅಂಕಿಗಳಲ್ಲಿ ಸಾರಿದೆ.

ಅದೇ ಸಂಹಿತೆಯ 21ನೆಯ ಆದೇಶದ 48ನೆಯ ನಿಯಮದಂತೆ ಸರ್ಕಾರಿ ನೌಕರನ ಸಂಬಳದಿಂದ ತಿಂಗಳ ಕಂತುಗಳಲ್ಲಿ ಹಣವನ್ನು ಹಿಡಿದು ನ್ಯಾಯಾಲಯಕ್ಕೆ ಕಳುಹಿಸುವಂತೆ ವೇತನ ಬಟವಾಡೆ ಅಧಿಕಾರಿಗೆ ಆದೇಶ ಕೊಡಬಹುದು. ಆ ಆದೇಶವನ್ನು ಮೀರಿ ಪೂರ್ತಿ ಸಂಬಳ ಬಟವಾಡೆ ಮಾಡಿದರೆ ಆ ಮೊಬಲಗಿಗೆ ಸರ್ಕಾರವೇ ಹೊಣೆಯಾಗುತ್ತದೆ. ಆದುದರಿಂದ ಕಚೇರಿಗಳಲ್ಲಿ ಬಟವಾಡೆಯ ಕೆಲಸ ನೋಡಿಕೊಳ್ಳುವವರು ಇಂತಹ ಆದೇಶವನ್ನು ಸಹೋದ್ಯೋಗಿಯ ಮನೆಯ ಜಗಳವೆಂದು ಬದಿಗಿಡುವಂತಿಲ್ಲ. ಕೌಟುಂಬಿಕ ಹಿಂಸೆಯ ಅಧಿನಿಯಮದಡಿಯಲ್ಲಿಯೂ, ಖಾಸಗಿ ಮಾಲೀಕನೂ ಸೇರಿದಂತೆ ಉದ್ಯೋಗ ಕೊಟ್ಟವರು ಹಣವನ್ನು ನೇರವಾಗಿ ಮಹಿಳೆಗೆ ಪಾವತಿ ಮಾಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು.

ಹೆಂಡತಿಯನ್ನೂ ಕುಟುಂಬವನ್ನೂ ಕಡೆಗಣಿಸುವುದು ಸರ್ಕಾರಿ ನೌಕರನಿಗೆ ತಕ್ಕ ನಡತೆಯಲ್ಲ, ಅದಕ್ಕಾಗಿ ಇಲಾಖಾ ಕ್ರಮ ಕೈಗೊಳ್ಳಬಹುದು ಎಂದು ಕೇಂದ್ರ ಗೃಹ ಸಚಿವಾಲಯ 1959ರಲ್ಲಿಯೇ ಸೂಚಿಸಿತ್ತು. ಇಲಾಖಾ ಕ್ರಮದಿಂದ ಮಗುವಿನ ಶುಲ್ಕ ಕಟ್ಟಲಾಗುವುದಿಲ್ಲ ನಿಜ. ಆದುದರಿಂದ ಇಲಾಖೆಗೆ ದೂರು ಕೊಟ್ಟು ಸುಮ್ಮನಾಗದೆ ನ್ಯಾಯಾಲಯದ ಆದೇಶವನ್ನೂ ಪಡೆಯಬೇಕು.

ಇಂದೇ ಮಾಡಬೇಕಾದ ಕೆಲಸ

ಈ ಸಭೆಯಲ್ಲಿ ಕೇಳಿದುದನ್ನೆಲ್ಲ ನೆನಪಿಡುವುದು ಸಾಧ್ಯವಾಗದು. ಇಷ್ಟನ್ನು ನೆನಪಿಟ್ಟರೆ ಸಾಕು. ಮಗುವಿನ ಜನನ ಪ್ರಮಾಣಪತ್ರ, ಮದುವೆಯ ದಾಖಲೆ ಅಥವಾ ಭಾವಚಿತ್ರ, ಶಾಲೆ ಮತ್ತು ಆಸ್ಪತ್ರೆಗಳ ರಸೀದಿಗಳು, ತಂದೆಯ ಕೆಲಸದ ಸ್ಥಳ ಮತ್ತು ಆದಾಯದ ಬಗ್ಗೆ ತಿಳಿದಷ್ಟು ವಿವರ, ನಿಮ್ಮ ಬ್ಯಾಂಕ್ ಪಾಸ್‌ಬುಕ್, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಡಿ. ಪೂರ್ತಿ ಇಲ್ಲದಿದ್ದರೆ ಇರುವಷ್ಟನ್ನೇ ಹಿಡಿದು ಕಾನೂನು ನೆರವಿನ ಕಚೇರಿಗೆ ಹೋಗಿ. ಕೊರತೆಯನ್ನು ತುಂಬುವ ದಾರಿಯನ್ನು ಅಲ್ಲಿನ ವಕೀಲರು ಹೇಳುತ್ತಾರೆ. ಎಲ್ಲ ಕಾಗದ ಸಿಗಲಿ ಎಂದು ಅರ್ಜಿಯನ್ನು ಮುಂದೂಡಬೇಡಿ.

ನೆರೆಹೊರೆಯವರಿಗೂ ಇದರಲ್ಲಿ ಪಾತ್ರವಿದೆ. ಭಾಷೆ ಬಾರದ ತಾಯಿಗೆ ಮರಾಠಿ ಅಥವಾ ಹಿಂದಿ ಬಲ್ಲ ಒಬ್ಬ ಕನ್ನಡತಿ ಜತೆಗೆ ಹೋದರೆ ಅರ್ಧ ಭಯ ಕಳೆಯುತ್ತದೆ. ಅವಳ ಮನೆಯ ಗುಟ್ಟು ತಿಳಿಯುವ ಕುತೂಹಲಕ್ಕಾಗಿ ಹೋಗಬೇಡಿ. ಮಗುವಿನ ಶಾಲೆ ನಿಲ್ಲಬಾರದೆಂದು ಹೋಗಿ. ಸಂಸಾರ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ದೊಡ್ಡವರಿಗೆ ವರ್ಷಗಳು ಬೇಕಾಗಬಹುದು. ಮಗುವಿಗೆ ಜೂನ್ ತಿಂಗಳಲ್ಲಿ ಪುಸ್ತಕಗಳು ಬೇಕು. ಆ ಜೂನ್‌ಗೆ ಮುಂಚೆ ಅರ್ಜಿಯ ಮೇಲೆ ನ್ಯಾಯಾಲಯದ ಮುದ್ರೆ ಬಿದ್ದಿರಲಿ ಎಂದು ಕೇಳಿಕೊಳ್ಳುತ್ತ, ನನ್ನ ಮಾತುಗಳನ್ನು ಮುಗಿಸುತ್ತೇನೆ.